ಆಟದ ಕಣದಲ್ಲಿ ತಲೆಗೆ ತಗಲುವ ಪೆಟ್ಟು ಮತ್ತು ಅದನ್ನಳೆಯುವ ಸಾಧನಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿಗಳ ಸುತ್ತಣ ಸೀಮೆಯು ಮೈಯಾಟಗಳಿಗೆ ಹೆಸರಾದುದು. ಜಾತ್ರೆ ಬಂತೆಂದರೆ ಜಂಗೀ ನಿಕಾಲಿ ಕುಸ್ತಿಗಳ ಕಣ ಸಿದ್ಧವಾಗುವುದು. ಸಂಗ್ರಾಣಿ ಕಲ್ಲನ್ನೆತ್ತುವ ಪೈಲವಾನರ ಸುತ್ತ ಜನ ನೆರೆಯುವರು. ಮಹಾವಿದ್ಯಾಲಯಗಳ ಅಂಗಳದಲ್ಲಿ ಕಬಡ್ಡಿಗಿರುವ ಆದರ ಬೇರೊಂದು ಆಟಕ್ಕಿಲ್ಲ. ಸೈಕಲ್ ಓಟದಲ್ಲಂತೂ ಈ ಜಿಲ್ಲೆಯ ಹಾಗೂ ನೆರೆಯ ಬಾಗಲಕೋಟೆ ಜಿಲ್ಲೆಯ ತರುಣ ತರುಣಿಯರು ರಾಷ್ಟ್ರಮಟ್ಟದಲ್ಲಿ ಗೆದ್ದು ಬಂದುದು ಎಲ್ಲರಿಗೂ ತಿಳಿದ ಸಂಗತಿ. ಇತ್ತೀಚಿನ ವರ್ಷಗಳಲ್ಲಿ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ ಮೊದಲಾದವು ಪ್ರತ್ಯೇಕ ತಾಲೂಕುಗಳಾಗಿದ್ದರೂ ಪ್ರಕೃತ ಲೇಖನದಲ್ಲಿ ಹಳೆಯ ವ್ಯಾಪ್ತಿಯನ್ನೇ ಇಟ್ಟುಕೊಂಡಿದ್ದೇವೆ.

ಈ ಆಟಗಳಲ್ಲಿ ಕೈಕಾಲು ಮುರಿದರೆ ಎಲ್ಲರ ಕಣ್ಣಿಗೂ ಕಾಣುವುದು. ತಲೆಗೆ ತಗಲಿದ ಪೆಟ್ಟು ಹಾಗಲ್ಲ. ಹಲವು ವರ್ಷಗಳ ಹಿಂದೆ ಒಂದು ಅಂತರ್ಮಹಾವಿದ್ಯಾಲಯ ಕಬಡ್ಡಿ ಪಂದ್ಯದಲ್ಲಿ ನಾವು ಕಂಡುದನ್ನು ಇಲ್ಲಿ ಹೇಳಬೇಕು. ದಾಳಿಗೆ ಹೋದ ಹುಡುಗನೊಬ್ಬನ ಪಾದವನ್ನು ಎದುರಾಳಿಗಳು ಹಿಡಿದೆಳೆದಾಗ ಅವನು ಮುಗ್ಗರಿಸಿ, ಅವನ ಕಪೋಲವು ಇನ್ನೊಬ್ಬನ ಮೊಣಕಾಲಿಗೆ ಬಡಿಯಿತು. ರಕ್ತ ಬರಲಿಲ್ಲ. ಮುಖಕ್ಕೆ ನೀರು ಚಿಮುಕಿಸಿ, ಬೆನ್ನು ತಟ್ಟಿ, ಅವನನ್ನು ಮತ್ತೆ ಕಣಕ್ಕೆ ಕಳುಹಿಸಿದರು. ಮುಂದಿನ ಸರದಿಯಲ್ಲಿ ಅವನು ತನ್ನವರ ಕಡೆಗೇ ಮುಖಮಾಡಿ ಕಬಡ್ಡಿ, ಕಬಡ್ಡಿ ಎನ್ನತೊಡಗಿದನು. ಪ್ರೇಕ್ಷಕರು ನಕ್ಕರು, ನಾವೂ ನಕ್ಕೆವೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ಆಟ ಮುಗಿದ ಮೇಲೆ ಗೆದ್ದವರಾರೆಂದು ಅವನು ಮೂರು ಸಲ ಕೇಳಿದನು. ಸುದೈವದಿಂದ ಅವನಿಗೆ ಮುಂದೆ ಕೇಡಾಗಲಿಲ್ಲ. ಆದರೆ ಅಂದು ಅವನ ಮಿದುಳಿಗೆ ಪೆಟ್ಟಾಗಿತ್ತೆಂಬುದು ಅಲ್ಲಿದ್ದ ಶಿಕ್ಷಕರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ವೈದ್ಯರು ಇದನ್ನು ಕನ್ಕಷನ್ ಎಂದು ಕರೆಯುವರು. ತಲೆಬುರುಡೆ ಒಡೆಯದೆ, ಮಿದುಳಿನಲ್ಲಿ ರಕ್ತ ಸುರಿಯದೆ, ಅದರ ಕೆಲಸ ಮಾತ್ರ ಕೆಲಕಾಲ ಕೆಡುವ ಸ್ಥಿತಿಯಿದು. ಪ್ರಜ್ಞೆ ತಪ್ಪಲೇಬೇಕೆಂಬ ನಿಯಮವಿಲ್ಲ; ಬಹು ಸಂದರ್ಭಗಳಲ್ಲಿ ತಪ್ಪುವುದೂ ಇಲ್ಲ. ಸಿ.ಟಿ. ಚಿತ್ರ ತೆಗೆಸಿದರೆ ಸಾಮಾನ್ಯವಾಗಿ ಏನೂ ದೋಷ ಕಾಣದು. ಕಾಣದುದನ್ನು ಸಂಖ್ಯೆಯಲ್ಲಿ ಹಿಡಿಯಬಹುದೇ ಎಂಬ ಆಸೆಯಿಂದಲೇ ಆಟಗಾರನ ತಲೆಯ ಮೇಲೆ ಧರಿಸುವ ಸಂವೇದಕಗಳು ಹುಟ್ಟಿಕೊಂಡವು. ಇವು ಏನನ್ನು ಅಳೆಯಬಲ್ಲವು, ಏನನ್ನು ಅಳೆಯಲಾರವು, ನಮ್ಮ ಕಣಗಳಿಗೆ ಇವುಗಳಿಂದ ಯಾವ ಉಪಯೋಗವಾದೀತು ಎಂಬುದೇ ಇಲ್ಲಿಯ ವಿಚಾರ.

ಮೊದಲು ಪೆಟ್ಟಿನ ಭೌತವಿಜ್ಞಾನವನ್ನು ನೋಡೋಣ. ತಲೆಯು ಚಲಿಸುತ್ತಿದ್ದು ಒಮ್ಮಿಂದೊಮ್ಮೆ ನಿಂತರೆ ಅದರ ವೇಗವು ಅತ್ಯಲ್ಪ ಕಾಲದಲ್ಲಿ ಶೂನ್ಯವಾಗುವುದು. ಈ ವೇಗದ ಬದಲಾವಣೆಯ ದರವೇ ವೇಗೋತ್ಕರ್ಷ. ಇದನ್ನು ಭೂಮಿಯ ಗುರುತ್ವ ವೇಗೋತ್ಕರ್ಷದ ಎಷ್ಟು ಪಟ್ಟು ಎಂದು ಹೇಳುವುದು ರೂಢಿ. ಅಂಥ ಒಂದು ಪಟ್ಟಿಗೆ ಒಂದು ‘ಜೀ’ ಎಂದು ಹೆಸರು. ಕುರ್ಚಿಯಲ್ಲಿ ಧೊಪ್ಪನೆ ಕುಳಿತರೂ ತಲೆಗೆ ಸುಮಾರು 10 ಜೀ ತಗಲುವುದೆಂದರೆ ಓದುಗರಿಗೆ ಆಶ್ಚರ್ಯವಾದೀತು. ಬಿದ್ದ ತಲೆಗೆ ಎಷ್ಟು ಜೀ ಎಂಬುದನ್ನು ಲೆಕ್ಕಹಾಕಲು ಪದವಿಪೂರ್ವ ತರಗತಿಯ ಗಣಿತ ಸಾಕು. ಬಿದ್ದ ಎತ್ತರವನ್ನು, ನೆಲಕ್ಕೆ ತಾಕಿದ ಮೇಲೆ ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿದರೆ ಬರುವುದೇ ಸರಾಸರಿ ಜೀ. ಒಂದೂವರೆ ಮೀಟರು ಎತ್ತರದಿಂದ ಬಿದ್ದ ತಲೆಯ ವೇಗ ಸೆಕೆಂಡಿಗೆ ಸುಮಾರು 5.4 ಮೀಟರು. ಅದು ಗಟ್ಟಿನೆಲದ ಮೇಲೆ ಒಂದು ಸೆಂಟಿಮೀಟರಿನಲ್ಲಿ ನಿಂತರೆ ಸರಾಸರಿ 150 ಜೀ. ಮೆತ್ತನೆಯ ನೆಲದಲ್ಲಿ ಐದು ಸೆಂಟಿಮೀಟರು ಹುಗಿದು ನಿಂತರೆ 30 ಜೀ ಮಾತ್ರ. ಮೊದಲನೆಯದು ಸೆಕೆಂಡಿನ ಸಾವಿರದಲ್ಲಿ ನಾಲ್ಕು ಭಾಗದೊಳಗೆ ಮುಗಿಯುವುದು, ಎರಡನೆಯದಕ್ಕೆ ಹದಿನೆಂಟು ಭಾಗ ಬೇಕು. ಕ್ಷಣಿಕ ಶಿಖರಮಾನಗಳು ಈ ಸರಾಸರಿಗಳಿಗಿಂತ ಸಾಕಷ್ಟು ಹೆಚ್ಚಾಗಿರುವುವು.

ನಮ್ಮ ಗರಡಿಮನೆಗಳ ಹಿರಿಯರು ಈ ಸೂತ್ರವನ್ನು ಬರೆದಿಡಲಿಲ್ಲ, ಆಚರಣೆಯಲ್ಲಿ ತಂದಿದ್ದರು. ಕೆಂಪುಮಣ್ಣನ್ನು ಜರಡಿಯಾಡಿ, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಹಣ್ಣಿನ ರಸಗಳನ್ನು ಬೆರೆಸಿ, ಅಭ್ಯಾಸಕ್ಕೆ ಮೊದಲು ಗುದ್ದಲಿಯಿಂದ ಅಗೆದು ಸಡಿಲಿಸಿ ಹದಗೊಳಿಸುವ ಪದ್ಧತಿಯ ಫಲವೆಂದರೆ ಆ ನಿಲ್ಲುವ ದೂರ ಹೆಚ್ಚುವುದು. ಕಬಡ್ಡಿಯ ಪಾಡು ಬೇರೆ. ದೊಡ್ಡ ಪಂದ್ಯಗಳು ಈಗ ಮ್ಯಾಟಿನ ಮೇಲೆ ನಡೆದರೂ ಹಳ್ಳಿಯಲ್ಲಿ ಆಡುವುದು ಇದ್ದ ನೆಲದ ಮೇಲೆ. ಡೋಣಿಸಾಲಿನ ಎರೆನೆಲವು ಮಳೆಗಾಲದಲ್ಲಿ ಕಾಲು ಹೂತುಕೊಳ್ಳುವಷ್ಟು ಮೆದು, ಬೇಸಗೆಯಲ್ಲಿ ಬಿರುಕುಬಿಟ್ಟು ಕಲ್ಲಾಗುವುದು. ಒಂದೇ ಕಣ, ಒಂದೇ ಆಟ, ಒಂದೇ ಬಗೆಯ ಬೀಳು. ಪೆಟ್ಟು ಮಾತ್ರ ಋತುವಿಗೊಂದು.

ನೇರವಾದ ಪೆಟ್ಟಿಗಿಂತಲೂ ತಲೆಯ ತಿರುಗುವಿಕೆ ಮಿದುಳಿಗೆ ಹೆಚ್ಚು ಅಪಾಯಕಾರಿಯೆಂಬ ತಿಳಿವಳಿಕೆ ಹೊಸದೇನಲ್ಲ. 1941ರಲ್ಲಿ ಡೆನ್ನಿ-ಬ್ರೌನ್ ಮತ್ತು ರಸೆಲ್ ಎಂಬವರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ತಲೆಯು ಚಲಿಸಲು ಸ್ವತಂತ್ರವಾಗಿದ್ದಾಗ ಪೆಟ್ಟು ಬಿದ್ದರೆ ಕನ್ಕಷನ್ ಸುಲಭವಾಗಿ ಉಂಟಾಗುವುದೆಂದೂ, ತಲೆಯನ್ನು ಅಲುಗದಂತೆ ಬಿಗಿಹಿಡಿದಾಗ ಅದು ಕಷ್ಟವೆಂದೂ ತೋರಿಸಿದರು. 1943ರಲ್ಲಿ ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹಾಲ್ಬೋರ್ನ್ ಜೆಲಾಟಿನ್ನಿನಿಂದ ಮಿದುಳಿನ ಮಾದರಿಯನ್ನು ಮಾಡಿ ತಿರುಗಿಸಿ ಇದಕ್ಕೆ ಕಾರಣವನ್ನು ವಿವರಿಸಿದನು. ಮಿದುಳು ಸುಮಾರು ಒಂದು ಕಿಲೋಗ್ರಾಮು ಮುನ್ನೂರು-ನಾನೂರು ಗ್ರಾಮು ತೂಕದ, ಬಹು ಮೆತ್ತನೆಯ ಪದಾರ್ಥ. ಅದನ್ನು ಒತ್ತಿ ಕುಗ್ಗಿಸುವುದು ಕಷ್ಟ, ಆದರೆ ಪದರು ಪದರಾಗಿ ಜಾರಿಸುವುದು ಸುಲಭ. ತುಂಬಿದ ಕೊಡವನ್ನು ಸರಕ್ಕನೆ ತಿರುಗಿಸಿದರೆ ಕೊಡ ತಿರುಗಿತು, ಒಳಗಿನ ನೀರು ಹಿಂದೆ ಉಳಿಯಿತು. ಹಾಗೆಯೇ ಬುರುಡೆ ತಿರುಗಿದಾಗ ಮಿದುಳಿನ ಹೊರಪದರು ಒಡನೆ ಎಳೆಯಲ್ಪಟ್ಟು ಒಳಪದರು ಹಿಂದುಳಿಯುವುದು. ನಡುವೆ ಹಾಯ್ದುಹೋಗುವ ನರತಂತುಗಳು ಜಗ್ಗುವುವು. ನಾವು ಮೇಲೆ ಹೇಳಿದ ಹುಡುಗನಿಗೆ ಪೆಟ್ಟು ಕಪೋಲದ ಬದಿಯಿಂದ ತಗಲಿ ತಲೆ ತಿರುಗಿತ್ತೆಂಬುದನ್ನು ಗಮನಿಸಬೇಕು. ಇಂಥ ಪೆಟ್ಟಿಗೆ ಹದಮಾಡಿದ ಮಣ್ಣಿನಿಂದ ರಕ್ಷಣೆ ದೊರೆಯದು, ಏಕೆಂದರೆ ಅಲ್ಲಿ ನೆಲದ ಪಾತ್ರವೇ ಇಲ್ಲ.

ಹೀಗಿರಲು ಒಳ್ಳೆಯ ಸಂವೇದಕವು ಎರಡನ್ನೂ ಅಳೆಯಬೇಕು. ಬಸ್ಸಿನಲ್ಲಿ ನಿಂತ ಪ್ರಯಾಣಿಕನು ಚಾಲಕನು ಬ್ರೇಕು ಹಾಕಿದಾಗ ಮುಂದಕ್ಕೆ ಬಾಗುವನಷ್ಟೆ. ಎಷ್ಟು ಬಾಗಿದನೆಂಬುದರಿಂದ ಬ್ರೇಕಿನ ಬಿರುಸನ್ನು ಊಹಿಸಬಹುದು. ಇಂದಿನ ವೇಗೋತ್ಕರ್ಷಮಾಪಕದೊಳಗೆ ಸಿಲಿಕಾನ್ ಬಿಲ್ಲೆಯಲ್ಲಿ ಕೊರೆದ, ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗುಗಳಿಗೆ ತೂಗುಬಿದ್ದ ಒಂದು ತುಣುಕೇ ಆ ಪ್ರಯಾಣಿಕನು. ಅದು ಸರಿದಾಗ ಪಕ್ಕದ ಫಲಕಗಳ ವಿದ್ಯುದ್ಧಾರಕತೆ ಬದಲಾಗುವುದು. ಅದನ್ನು ಸಂಖ್ಯೆಯಾಗಿ ಬರೆದಿಡುವರು. ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪಿನಲ್ಲಿ ಇಂಥದೇ ತುಣುಕು ಸದಾ ಕಂಪಿಸುತ್ತಿರುವುದು. ಆಧಾರವು ತಿರುಗಿದಾಗ ಅದು ಅಡ್ಡಕ್ಕೆ ಓಲುವುದು. ಎರಡೂ ಸೇರಿ ಕಡಲೆಕಾಳಿಗಿಂತ ದೊಡ್ಡದಾಗವು.

ಆಟದ ಬಯಲಿನಲ್ಲಿ ಇವುಗಳ ವ್ಯವಸ್ಥಿತ ಬಳಕೆಗೆ ದಾರಿ ತೆಗೆದುದು ಅಮೆರಿಕೆಯ ವರ್ಜೀನಿಯಾ ಟೆಕ್ ವಿದ್ಯಾಲಯ, 2003ರಲ್ಲಿ. ಅಲ್ಲಿಯವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವಲ್ಲ. ಚೆಂಡನ್ನು ಬಗಲಲ್ಲಿಟ್ಟು ಓಡುವವನ ಮೈಮೇಲೆ ಬಿದ್ದು ಕೆಡಹುವ ಆಟ. ಕಬಡ್ಡಿಯ ಹಿಡಿತವನ್ನು ಬಲ್ಲವರಿಗೆ ಅದರ ಸ್ವರೂಪ ಬೇಗ ತಿಳಿಯುವುದು. ಆಟಗಾರರ ಶಿರಸ್ತ್ರಾಣದೊಳಗೆ ಆರು ಮಾಪಕಗಳನ್ನು ಸ್ಪ್ರಿಂಗಿನ ಸಹಾಯದಿಂದ ತಲೆಗೆ ಒತ್ತಿಕೊಂಡಿರುವಂತೆ ಕೂಡಿಸಿದರು. ಪೆಟ್ಟು 10 ಜೀ ಮೀರಿದೊಡನೆ ಅದರ ವಿವರವು ರೇಡಿಯೋ ಮೂಲಕ ಬಯಲಿನ ಅಂಚಿನ ಗಣಕಯಂತ್ರಕ್ಕೆ ತಲಪುವುದು. 2005ರಲ್ಲಿ ಡೂಮಾ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಲ್ಲಿ 38 ಆಟಗಾರರ 3,312 ಪೆಟ್ಟುಗಳು ದಾಖಲಾಗಿದ್ದವು. ಅಷ್ಟರಲ್ಲಿ ಕನ್ಕಷನ್ ಆದುದು ಒಂದೇ. ಅದರ ಮಾನ 81 ಜೀ.

81 ಜೀ ಮೀರಿದರೆ ಅಪಾಯ, ಒಳಗಿದ್ದರೆ ಕ್ಷೇಮ ಎಂದು ಗೆರೆ ಎಳೆಯಲು ಮನಸ್ಸಾಗುವುದು ಸಹಜ. ಆ ಗೆರೆ ನಿಲ್ಲಲಿಲ್ಲ. 2007ರಲ್ಲಿ ಗುಸ್ಕೀವಿಚ್ ಮೊದಲಾದವರು ನಡೆಸಿದ ಅಧ್ಯಯನದಲ್ಲಿ ಕನ್ಕಷನ್ ತಂದ ಪೆಟ್ಟುಗಳು ಸುಮಾರು 60 ಜೀಯಿಂದ 169 ಜೀವರೆಗೆ ಹರಡಿಕೊಂಡಿದ್ದವು. ಪೆಟ್ಟಿನ ಪ್ರಮಾಣಕ್ಕೂ ರೋಗಲಕ್ಷಣಗಳ ತೀವ್ರತೆಗೂ ಸಂಬಂಧ ಕಾಣಲಿಲ್ಲ. 80 ಜೀ ಮೀರಿದ ಪೆಟ್ಟು ತಿಂದು ಏನೂ ಆಗದೆ ಆಟ ಮುಂದುವರಿಸಿದವರೇ ಬಹುಸಂಖ್ಯಾತರು. ಕತ್ತಿನ ಸ್ನಾಯುಗಳ ಬಲ, ಪೆಟ್ಟಿನ ದಿಕ್ಕು, ಹಿಂದೆ ತಿಂದ ಪೆಟ್ಟುಗಳು ಇವೆಲ್ಲವೂ ಸೇರಿ ಫಲ ನಿರ್ಣಯವಾಗುವುದರಿಂದ ಒಂದೇ ಸಂಖ್ಯೆಯಲ್ಲಿ ಉತ್ತರ ಸಿಕ್ಕದು.

ಇನ್ನೊಂದು ತೊಡಕು ಸಂವೇದಕವನ್ನು ಎಲ್ಲಿ ಧರಿಸಬೇಕೆಂಬುದು. ಅದು ಅಳೆಯುವುದು ತಾನು ಅಂಟಿಕೊಂಡ ವಸ್ತುವಿನ ಚಲನೆಯನ್ನು. ಶಿರಸ್ತ್ರಾಣಕ್ಕೆ ಅಂಟಿಸಿದರೆ ಶಿರಸ್ತ್ರಾಣದ, ಚರ್ಮಕ್ಕೆ ಅಂಟಿಸಿದರೆ ಚರ್ಮದ ಚಲನೆ ದೊರೆಯುವುದೇ ಹೊರತು ಬುರುಡೆಯದಲ್ಲ. 2016ರಲ್ಲಿ ಸ್ಟಾನ್‌ಫರ್ಡ್ ವಿದ್ಯಾಲಯದ ಸಂಶೋಧಕರು ಮೂರು ಬಗೆಯ ಸಾಧನಗಳನ್ನು ಒಟ್ಟಿಗೆ ಪರೀಕ್ಷಿಸಿದರು. ತಲೆಗೆ ತೊಡುವ ಟೊಪ್ಪಿಗೆಯಲ್ಲಿಯ ಸಂವೇದಕವು ಕಿವಿಯ ನಾಳವನ್ನು ಆಧಾರವಾಗಿಟ್ಟುಕೊಂಡು ಅಳೆದಾಗ 13 ಮಿಲಿಮೀಟರಿನವರೆಗೂ, ಕಿವಿಯ ಹಿಂದೆ ಅಂಟಿಸಿದ ಪಟ್ಟಿಯು 4 ಮಿಲಿಮೀಟರಿನವರೆಗೂ ಸರಿದಾಡಿದುವು. ಹಲ್ಲಿಗೆ ಕಚ್ಚಿಸಿದ ದಂತಕವಚವು ಒಂದು ಮಿಲಿಮೀಟರು ಕೂಡ ಸರಿಯಲಿಲ್ಲ. ಮೇಲಿನ ಸಾಲಿನ ಹಲ್ಲುಗಳು ಬುರುಡೆಗೇ ನೆಟ್ಟುಕೊಂಡಿರುವುದರಿಂದ ಇದು ನ್ಯಾಯವಾದ ಫಲವೇ. ಆದಕಾರಣ ಈಚೆಗೆ ದಂತಕವಚಕ್ಕೇ ಮನ್ನಣೆ. 2024ರ ಜನವರಿಯಿಂದ ವರ್ಲ್ಡ್ ರಗ್ಬಿ ಸಂಸ್ಥೆಯು ಉಚ್ಚಮಟ್ಟದ ಪಂದ್ಯಗಳಲ್ಲಿ ತಲೆಪೆಟ್ಟಿನ ಪರೀಕ್ಷಾವಿಧಾನಕ್ಕೆ ಇದನ್ನು ಸೇರಿಸಿಕೊಂಡಿತು. ಪೆಟ್ಟು ಗೊತ್ತುಪಡಿಸಿದ ಮಿತಿಯನ್ನು ಮೀರಿದರೆ ವೈದ್ಯನಿಗೆ ಸೂಚನೆ ಹೋಗುವುದು. ವೈದ್ಯನು ಆಟಗಾರನನ್ನು ಹೊರಕ್ಕೆ ಕರೆದು ಪರೀಕ್ಷಿಸುವನು. ಆ ಮಿತಿಯು ಸ್ತ್ರೀಯರಿಗೆ ಪುರುಷರಿಗಿಂತ ಕಡಿಮೆ. ಇಲ್ಲಿ ಸಂಖ್ಯೆಯ ಕೆಲಸ ವೈದ್ಯನನ್ನು ಕರೆಯುವುದು ಮಾತ್ರ.

ಈ ಉತ್ತಮ ಸಾಧನವನ್ನು ನಮ್ಮ ಕಬಡ್ಡಿ ಆಟಗಾರನಿಗೆ ತೊಡಿಸಬಹುದೇ? ಪಶ್ಚಿಮದ ಪ್ರಯೋಗಶಾಲೆಗಳಲ್ಲಿ ಯಾರೂ ಯೋಚಿಸಬೇಕಾಗಿರದ ಅಡ್ಡಿಯೊಂದು ಇಲ್ಲಿದೆ. ದಾಳಿಗೆ ಹೋದವನು ಅಂಪೈರಿಗೆ ಸ್ಪಷ್ಟವಾಗಿ ಕೇಳುವಂತೆ ಕಬಡ್ಡಿ, ಕಬಡ್ಡಿ ಎಂದು ಉಸಿರುಬಿಡದೆ ನುಡಿಯುತ್ತಲೇ ಇರಬೇಕು. ನುಡಿ ನಿಂತರೆ ಅವನ ದಾಳಿ ಮುಗಿಯಿತು. ಬಾಯಿತುಂಬ ಕವಚವನ್ನು ಕಚ್ಚಿಕೊಂಡು ಟಕಾರ ಡಕಾರಗಳನ್ನು ನುಡಿಯುವುದು ಎಷ್ಟು ಕಷ್ಟವೆಂಬುದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಹೆಚ್ಚಾಗಿ ದಾಳಿಗೆ ಹೋಗದ ಮೂಲೆಯ ಆಟಗಾರರಿಗೆ ಇದು ಹೊಂದೀತು; ಪೆಟ್ಟು ತಿನ್ನುವುದರಲ್ಲಿ ಅವರೂ ಹಿಂದಿಲ್ಲ. ಕಿವಿಯ ಹಿಂದಿನ ಪಟ್ಟಿಯು, ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯ ಬೆವರಿನಲ್ಲಿ ಎಷ್ಟು ಹೊತ್ತು ಅಂಟಿಕೊಂಡೀತೆಂಬುದು ಸಂಶಯಾಸ್ಪದ. ಕುಸ್ತಿಯಲ್ಲಿ ಎಣ್ಣೆ, ಮಣ್ಣುಗಳೂ ಸೇರುವುದರಿಂದ ಆ ಮಾತೇ ಬೇಡ. ಪೈಲವಾನನು ಮಾತನಾಡಬೇಕಾಗಿಲ್ಲವಾದುದರಿಂದ ಅವನಿಗೆ ದಂತಕವಚವೇ ತಕ್ಕುದು.

ಸೈಕಲ್ ಓಟಗಾರರಿಗೆ ಶಿರಸ್ತ್ರಾಣವುಂಟು. ಅದಕ್ಕೆ ಸಂವೇದಕವನ್ನು ಸಿಕ್ಕಿಸಿ, ಬಿದ್ದೊಡನೆ ದೂರವಾಣಿಗೆ ಸುದ್ದಿ ಕಳುಹಿಸುವ ಸಾಧನಗಳು ಮಾರುಕಟ್ಟೆಯಲ್ಲಿವೆ. ನಿರ್ಜನವಾದ ರಸ್ತೆಯಲ್ಲಿ ಒಬ್ಬನೇ ಅಭ್ಯಾಸಮಾಡುವವನಿಗೆ ಅದು ಉಪಕಾರಿ. ಆದರೆ ಪೆಟ್ಟಿನ ಅಳತೆಯೆಂದು ಅದನ್ನು ನಂಬಲಾಗದು. ಪ್ರಸಂಗವಶಾತ್ ಇನ್ನೊಂದು ಮಾತು. ಸೈಕಲ್ ಶಿರಸ್ತ್ರಾಣದ ಯುರೋಪಿನ ಮಾನಕದಲ್ಲಿ ಅದನ್ನು ನಾವು ಮೇಲೆ ಲೆಕ್ಕಹಾಕಿದ ಸುಮಾರು ಒಂದೂವರೆ ಮೀಟರಿನಿಂದಲೇ ಸಮತಟ್ಟಾದ ಕಬ್ಬಿಣದ ಮೇಲೆ ಬೀಳಿಸಿ, ಒಳಗಿನ ಕೃತಕ ತಲೆಯ ವೇಗೋತ್ಕರ್ಷವು 250 ಜೀ ಮೀರದಿದ್ದರೆ ಅಂಗೀಕರಿಸುವರು. ಬುರುಡೆ ಒಡೆಯದಂತೆ, ಪ್ರಾಣ ಹೋಗದಂತೆ ಕಾಯುವುದು ಅದರ ಉದ್ದೇಶ. ಕನ್ಕಷನ್ ಅದಕ್ಕಿಂತ ಬಹು ಕೆಳಗೇ ಆಗಬಹುದೆಂಬುದನ್ನು ಮೇಲೆ ಕಂಡಿದ್ದೇವೆ. ತಲೆಯಲ್ಲಿ ಶಿರಸ್ತ್ರಾಣವಿತ್ತು, ಆದ್ದರಿಂದ ಏನೂ ಆಗಿರಲಾರದೆಂದು ತಿಳಿಯುವುದು ತಪ್ಪು.

ಹಾಗಾದರೆ ಕಣದ ಅಂಚಿನಲ್ಲಿ ನಿಂತ ಶಿಕ್ಷಕನು ಮಾಡಬೇಕಾದುದೇನು? 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂಡಿದ ಆರನೆಯ ಅಂತರರಾಷ್ಟ್ರೀಯ ಸಮ್ಮೇಳನದ ತರುವಾಯ 2023ರಲ್ಲಿ ಪ್ರಕಟವಾದ ಸೂಚಿಯಲ್ಲಿ ಯಂತ್ರಕ್ಕೆ ಸ್ಥಾನವಿಲ್ಲ. ವೈದ್ಯರಲ್ಲದವರಿಗಾಗಿಯೇ ಅದನ್ನು ರಚಿಸಲಾಗಿದೆ. ಅಲುಗದೆ ಬಿದ್ದಿರುವುದು, ನಿಧಾನವಾಗಿ ಏಳುವುದು, ಜೋಲಿ ಹೊಡೆಯುವುದು, ಶೂನ್ಯದೃಷ್ಟಿ, ಕೇಳಿದ್ದನ್ನೇ ಕೇಳುವುದು, ಆಟ ಎಲ್ಲಿ ನಡೆದಿದೆ, ಎದುರಾಳಿ ಯಾರು ಎಂಬ ಪ್ರಶ್ನೆಗೆ ತಪ್ಪುತ್ತರ, ಇವುಗಳಲ್ಲಿ ಒಂದು ಕಂಡರೂ ಆಟಗಾರನನ್ನು ಹೊರಕ್ಕೆ ತೆಗೆಯಬೇಕು; ಅಂದು ಮತ್ತೆ ಆಡಗೊಡಬಾರದು. ಕುತ್ತಿಗೆನೋವು, ಮರಳಿ ಮರಳಿ ವಾಂತಿ, ಹೆಚ್ಚುತ್ತಿರುವ ತಲೆನೋವು, ಸೆಳವು, ಎರಡೆರಡಾಗಿ ಕಾಣುವುದು, ಕೈಕಾಲು ಸೋಲುವುದು ಇವು ಕಂಡರೆ ಒಡನೆಯೇ ಆಸ್ಪತ್ರೆ. ತಾಲೂಕು ಕೇಂದ್ರಗಳಿಂದ ವಿಜಯಪುರ ಸುಮಾರು 40ರಿಂದ 80 ಕಿಲೋಮೀಟರು ದೂರ. ಇಂಡಿಯ ಕಡೆಯವರು ಸೊಲ್ಲಾಪುರಕ್ಕೂ ಹೋಗುವುದುಂಟು. ಮಿದುಳಿನಲ್ಲಿ ರಕ್ತ ಸೋರುತ್ತಿದ್ದರೆ ಆ ದಾರಿಯ ಒಂದೊಂದು ನಿಮಿಷಕ್ಕೂ ಬೆಲೆಯುಂಟು. ಸಂಜೆಯವರೆಗೆ ನೋಡೋಣವೆಂದು ಮನೆಯಲ್ಲಿ ಮಲಗಿಸುವುದಕ್ಕಾಗಲಿ, ಪಂದ್ಯ ಮುಗಿಯಲೆಂದು ಕಾಯುವುದಕ್ಕಾಗಲಿ ಇಲ್ಲಿ ಅವಕಾಶವಿಲ್ಲ.

ಹೊರಗೆ ಕೂಡಿಸಿದರೆ ತಂಡ ಸೋತೀತೆಂಬ ಅಂಜಿಕೆ ಎಲ್ಲ ಕಡೆಯೂ ಇದ್ದುದೇ. ಕ್ರಿಕೆಟ್ಟಿನಲ್ಲಿ ತಲೆಪೆಟ್ಟು ತಿಂದವನ ಬದಲಿಗೆ ಸರಿಸಮನಾದ ಇನ್ನೊಬ್ಬನನ್ನು ಇಳಿಸುವ ನಿಯಮವನ್ನು 2019ರಲ್ಲಿ ತಂದುದು ಈ ಅಂಜಿಕೆಯನ್ನು ಕಳೆಯುವುದಕ್ಕೂ ಸಹಾಯವಾಯಿತು. 2021ರ ಆಗಸ್ಟಿನಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ನಮ್ಮ ರಾಜ್ಯದ ಮಯಾಂಕ್ ಅಗರವಾಲರಿಗೆ ಅಭ್ಯಾಸದ ವೇಳೆ ಚೆಂಡು ಶಿರಸ್ತ್ರಾಣಕ್ಕೆ ಬಡಿಯಿತು. ಲಕ್ಷಣಗಳನ್ನು ನೋಡಿ ಅವರನ್ನು ಮೊದಲನೆಯ ಟೆಸ್ಟಿನಿಂದ ಬಿಡಲಾಯಿತು. ಸ್ಥಾನ ಪಡೆದ ಕೆ. ಎಲ್. ರಾಹುಲರೂ ಕರ್ನಾಟಕದವರೇ, ಅವರು ಮೊದಲ ಸರದಿಯಲ್ಲಿ 84 ಓಟಗಳನ್ನು ಗಳಿಸಿದರು. ಪೆಟ್ಟು ತಗಲಿದುದು ಪಂದ್ಯದಲ್ಲಲ್ಲ, ಅಭ್ಯಾಸದಲ್ಲಿ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಸಂವೇದಕಗಳು ನಿಜವಾಗಿ ಸಾರ್ಥಕವಾದುದು ಈ ಅಭ್ಯಾಸದ ವಿಷಯದಲ್ಲಿಯೇ ಎಂದು ನಮ್ಮ ಅಭಿಪ್ರಾಯ. ವರ್ಜೀನಿಯಾ ಟೆಕ್ ವಿದ್ಯಾಲಯದವರು ಏಳೆಂಟು ವರ್ಷದ ಏಳು ಮಂದಿ ಬಾಲಕರ ಶಿರಸ್ತ್ರಾಣಗಳಲ್ಲಿ ಮಾಪಕಗಳನ್ನಿಟ್ಟು 2012ರಲ್ಲಿ ವರದಿ ಮಾಡಿದರು. 40 ಜೀ ಮುಟ್ಟಿದ ಅಥವಾ ಮೀರಿದ 38 ಪೆಟ್ಟುಗಳಲ್ಲಿ 29 ಪಂದ್ಯಗಳಲ್ಲಿ ಬಿದ್ದುವಲ್ಲ, ಅಭ್ಯಾಸದಲ್ಲಿ ಬಿದ್ದುವು. ಅದೇ ವರ್ಷ ಅಲ್ಲಿಯ ಬಾಲಕರ ಫುಟ್‌ಬಾಲ್ ಸಂಸ್ಥೆಯು ಮೈಮೇಲೆ ಬೀಳುವ ಅಭ್ಯಾಸದ ವೇಳೆಯನ್ನು ಮಿತಗೊಳಿಸಿತು. ಒಂದು ಪೆಟ್ಟಿನಿಂದ ಒಬ್ಬ ಹುಡುಗನಿಗೆ ಏನಾಯಿತೆಂಬುದನ್ನು ಹೇಳಲಾರದ ಸಾಧನವು, ನೂರಾರು ಪೆಟ್ಟುಗಳನ್ನು ಎಣಿಸಿ ಯಾವ ಕಸರತ್ತಿನಲ್ಲಿ, ಯಾವ ನೆಲದ ಮೇಲೆ ಅವು ಹೆಚ್ಚೆಂಬುದನ್ನು ಚೆನ್ನಾಗಿ ಹೇಳಬಲ್ಲುದು. ಸರಪಳಿ ಹಿಡಿತದ ಅಭ್ಯಾಸದಲ್ಲಿ ಇಬ್ಬರ ತಲೆಗಳು ಎಷ್ಟು ಸಲ ಡಿಕ್ಕಿಯಾಗುವುವು? ಎತ್ತಿ ಒಗೆಯುವ ಪಟ್ಟನ್ನು ಹೊಸಬನು ಕಲಿಯುವಾಗ ಅವನ ತಲೆ ಹೇಗೆ ನೆಲ ಕಾಣುವುದು? ಇವುಗಳನ್ನು ನಮ್ಮಲ್ಲಿ ಎಣಿಸುವುದು ಅಗತ್ಯ. ಎಣಿಕೆಯೊಡನೆ ಚಲನಚಿತ್ರವನ್ನೂ ತೆಗೆದಿಡಬೇಕು, ಏಕೆಂದರೆ ಹಲ್ಲು ಕಚ್ಚಿದರೂ, ಕವಚವನ್ನು ಕೈಯಲ್ಲಿ ಹಿಡಿದು ಝಾಡಿಸಿದರೂ ಸಾಧನವು ಪೆಟ್ಟೆಂದು ಬರೆದುಕೊಳ್ಳುವುದುಂಟು.

ದಂತಕವಚಗಳ ಬೆಲೆ ನಮ್ಮ ಮಹಾವಿದ್ಯಾಲಯಗಳಿಗೆ ಭಾರವಾಗುವುದರಿಂದ ನೆಲದ ಪರೀಕ್ಷೆಯಿಂದ ತೊಡಗುವುದು ಯುಕ್ತ. ಇದಕ್ಕೆ ಭೌತವಿಜ್ಞಾನ ಮತ್ತು ದೈಹಿಕಶಿಕ್ಷಣ ವಿಭಾಗಗಳು ಕೂಡಿದರೆ ಸಾಕು. ಮನುಷ್ಯನ ತಲೆಯ ತೂಕಕ್ಕೆ ಸಮನಾಗಿ ನಾಲ್ಕೂವರೆ ಕಿಲೋಗ್ರಾಮಿನ ಮರದ ಗುಂಡೊಂದನ್ನು ಬಡಗಿಯಿಂದ ಮಾಡಿಸಿ, ನಡುವೆ 200 ಜೀವರೆಗೆ ಅಳೆಯಬಲ್ಲ ಮಾಪಕವನ್ನು ಬಿಗಿಯಾಗಿ ಕೂಡಿಸಬೇಕು. ಕೈಫೋನಿನಲ್ಲಿರುವ ಮಾಪಕ ಇದಕ್ಕೆ ಸಾಲದು. ಅದು ಸಾಮಾನ್ಯವಾಗಿ 8 ಅಥವಾ 16 ಜೀಗೆ ನಿಲ್ಲುವುದು; ಮೇಲಾಗಿ ಸೆಕೆಂಡಿಗೆ ನೂರು ಸಲ ಮಾತ್ರ ಓದಿದರೆ ಎರಡು ಓದುಗಳ ನಡುವೆಯೇ ಪೆಟ್ಟು ಬಂದು ಹೋಗಿರುವುದು. ಸೆಕೆಂಡಿಗೆ ಮೂರು ಸಾವಿರ ಸಲ ಓದುವ ಬಿಡಿಮಾಪಕಗಳು ಈಗ ದೊರೆಯುವುವು. ಮರವು ತಲೆಬುರುಡೆಯಲ್ಲವಾದುದರಿಂದ ದೊರೆತ ಸಂಖ್ಯೆಯನ್ನು ಮನುಷ್ಯನಿಗೆ ನೇರವಾಗಿ ಹಚ್ಚಲಾಗದು. ನೆಲ ನೆಲಗಳನ್ನು ತಮ್ಮತಮ್ಮೊಳಗೆ ಹೋಲಿಸಲು ಮಾತ್ರ ಅದು ಸಾಕು. ಬೀಳಿಸುವ ಎತ್ತರ ಒಂದೂವರೆ ಮೀಟರು ಇರಲಿ. ಸಿಮೆಂಟಿನ ನೆಲ ಬೇಡ. ಗುಂಡೂ ಮಾಪಕವೂ ಒಂದೇ ದಿನದಲ್ಲಿ ಹಾಳಾದಾವು. ಕಬಡ್ಡಿಯ ಮ್ಯಾಟು, ಅಗೆದು ಹದಮಾಡಿದ ಗರಡಿಯ ಮಣ್ಣು, ಎರಡು ದಿನ ಅಗೆಯದೆ ಬಿಟ್ಟ ಅದೇ ಮಣ್ಣು, ಎರೆನೆಲದ ಕಣ, ಇವುಗಳಲ್ಲಿ ಒಂದೊಂದರ ಮೇಲೂ ಬೇರೆಬೇರೆ ಜಾಗಗಳಲ್ಲಿ ಇಪ್ಪತ್ತಿಪ್ಪತ್ತು ಸಲ ಬೀಳಿಸಿ ಬರೆದಿಡಬೇಕು. ಎರೆನೆಲದ ಅಳತೆಯನ್ನು ವೈಶಾಖದಲ್ಲಿ ಒಮ್ಮೆ, ಬಸವನಬಾಗೇವಾಡಿಯ ಜಾತ್ರೆ ನಡೆಯುವ ಶ್ರಾವಣದಲ್ಲಿ ಇನ್ನೊಮ್ಮೆ, ಮಳೆ ಬಿದ್ದು ಎಷ್ಟು ದಿನವಾಯಿತೆಂಬುದನ್ನೂ ಗುರುತುಹಾಕಿಕೊಂಡು ತೆಗೆದುಕೊಳ್ಳತಕ್ಕದ್ದು.